ಮೂರು ಜನ, ಒಂದು ಹುಡುಗಿ: ಅಮುಲ್ ಹೋರ್ಡಿಂಗ್ ಹಿಂದಿನ ಪುಟ್ಟ ತಂಡ

ಎರಡು ವರ್ಷದ ಹಿಂದೆ ಗೆಳೆಯನೊಬ್ಬ ಫೋನ್ ಮಾಡಿ, "ಗುರು, ನಮ್ಮ ತಂಡದ ಪರಿಚಯ ಬರೆದುಕೊಡು" ಎಂದ. ಬೆಂಗಳೂರಿನಲ್ಲಿ ಅವನದ್ದೊಂದು ಜಾಹೀರಾತು ಏಜೆನ್ಸಿ ಇದೆ. ಐದು ಜನ, ಎರಡು ಕೋಣೆ, ಒಂದು ಕಾಫಿ ಫಿಲ್ಟರ್. ಅಡುಗೆ ಎಣ್ಣೆ ಮಾರುವ ಒಂದು ಕಂಪನಿಯ ಮುಂದೆ ಪಿಚ್ ಇತ್ತು, ಅಂದರೆ ತಮ್ಮ ಕೆಲಸ ತೋರಿಸಿ ಜಾಹೀರಾತು ಕೆಲಸ ಕೇಳುವ ಸಭೆ. ಕಂಪನಿಯವರು ಮೊದಲೇ ಕಳಿಸಿ ಎಂದಿದ್ದ ಕಾಗದಗಳಲ್ಲಿ ತಂಡದ ಪರಿಚಯವೂ ಸೇರಿತ್ತು. ಅವನೇ ಒಂದು ಕರಡು ಮಾಡಿಟ್ಟಿದ್ದ. ಅದರ ಮೊದಲ ಸಾಲು: 'ಒಟ್ಟು 68 ವರ್ಷಗಳ ಅನುಭವವುಳ್ಳ ತಂಡ.'

ಈ 68 ಎಲ್ಲಿಂದ ಬಂತು ಎಂದು ಕೇಳಿದೆ. ಒಬ್ಬರದು 22 ವರ್ಷ, ಇನ್ನೊಬ್ಬರದು 17, ಆಮೇಲೆ 14, 9, 6. ಎಲ್ಲ ಕೂಡಿಸಿದ್ದ.

"ಐದು ಒಲೆಯ ಮೇಲೆ ಐದು ಇಡ್ಲಿ ಪಾತ್ರೆ ಹತ್ತು ಹತ್ತು ನಿಮಿಷ ಇಟ್ಟರೆ ಐವತ್ತು ನಿಮಿಷ ಬೆಂದ ಇಡ್ಲಿ ಸಿಗುತ್ತಾ?" ಎಂದೆ. ನಕ್ಕ. "ಎಲ್ಲರೂ ಹೀಗೇ ಬರೆಯೋದು ಅಲ್ವಾ?" ಎಂದ.

ಅದೂ ನಿಜವೇ. ಸಣ್ಣ ಏಜೆನ್ಸಿಗಳ ಪರಿಚಯ ಪತ್ರಗಳನ್ನು ಪಕ್ಕಪಕ್ಕ ಇಟ್ಟು ಓದಿ. ಉತ್ಸಾಹಿ ತಂಡ, ಅನುಭವಿ ತಂಡ, ಹೊಸತನದ ತಂಡ. ಮೇಲಿನ ಹೆಸರು ಮುಚ್ಚಿದರೆ ಯಾರದು ಯಾವುದು ಎಂದು ಬರೆದವರಿಗೇ ಗೊತ್ತಾಗುವುದಿಲ್ಲ. ಹಾಗಾದರೆ ಅನುಭವ ಇರುವ ಪುಟ್ಟ ತಂಡವೊಂದು ತನ್ನನ್ನು ಹೇಗೆ ತೋರಿಸಿಕೊಳ್ಳಬೇಕು? ನಾವಿಬ್ಬರೂ ಒಂದು ಭಾನುವಾರ ಪೂರ್ತಿ ಇದಕ್ಕೇ ಕೂತೆವು. ಉದಾಹರಣೆಗೆ ತೆಗೆದುಕೊಂಡದ್ದು ಎಲ್ಲರೂ ನೋಡಿರುವ, ಆದರೆ ಯಾರು ಮಾಡುತ್ತಾರೆಂದು ಹೆಚ್ಚು ಜನ ಕೇಳದ ಒಂದು ಕೆಲಸ. ಅಮುಲ್ ಬೆಣ್ಣೆಯ ಹೋರ್ಡಿಂಗ್.

ಮೊದಲ ತಂಡ

ಗುಜರಾತಿನ ಆನಂದ್‌ನಲ್ಲಿ ಅಮುಲ್ ಹಿಂದಿನ ಹಾಲು ಉತ್ಪಾದಕರ ಸಹಕಾರ ಸಂಘ ಶುರುವಾದದ್ದು 1946ರಲ್ಲಿ. ಮುಂದೆ ಅದನ್ನು ನಡೆಸಿದ ವರ್ಗೀಸ್ ಕುರಿಯನ್ ಅಲ್ಲಿಗೆ ಬಂದದ್ದು 1949ರಲ್ಲಿ. ಅದಕ್ಕೂ ಮೊದಲು ಸರ್ಕಾರ ಅವರನ್ನು ಡೇರಿ ಕೆಲಸ ಕಲಿಯಲು ಕಳಿಸಿದ್ದು ನಮ್ಮ ಬೆಂಗಳೂರಿಗೇ. ಆಡುಗೋಡಿಯಲ್ಲಿ ಈಗ ರಾಷ್ಟ್ರೀಯ ಡೇರಿ ಸಂಶೋಧನಾ ಸಂಸ್ಥೆಯ ಕೇಂದ್ರ ಇದೆಯಲ್ಲ, ಅಲ್ಲಿಗೆ. ಆಮೇಲೆ ಅಮೆರಿಕದ ಮಿಶಿಗನ್‌ಗೆ.

1966ರ ಹೊತ್ತಿಗೆ ಅಮುಲ್ ಬೆಣ್ಣೆ ಮಾರುಕಟ್ಟೆಯಲ್ಲಿತ್ತು. ಆದರೆ ಜಾಹೀರಾತು ಸಪ್ಪೆ. ಎದುರಿಗೆ ಹಳೆಯ ಪೋಲ್ಸನ್ ಬೆಣ್ಣೆ. ಆ ವರ್ಷ ಕೆಲಸ ಬಾಂಬೆಯ ಎಎಸ್‌ಪಿ ಎಂಬ ಏಜೆನ್ಸಿಗೆ ಬಂತು. ಅದರ ಮುಖ್ಯಸ್ಥ ಸಿಲ್ವೆಸ್ಟರ್ ಡಕುನ್ಹಾ. ಆರ್ಟ್ ಡೈರೆಕ್ಟರ್ ಯೂಸ್ಟೇಸ್ ಫರ್ನಾಂಡಿಸ್. ಚುಕ್ಕಿ ಫ್ರಾಕು, ನೀಲಿ ಕೂದಲು, ತಲೆಗೆ ರಿಬ್ಬನ್ ಇರುವ ಆ ಹುಡುಗಿಯನ್ನು ಬರೆದವರು ಯೂಸ್ಟೇಸ್. ಗಮನಿಸಿ ನೋಡಿ, ಅವಳಿಗೆ ಮೂಗಿಲ್ಲ. ಇಷ್ಟು ವರ್ಷ ನೋಡಿದ್ದರೂ ನನಗೆ ಇದು ಹೊಳೆದದ್ದು ಆ ಭಾನುವಾರವೇ.

ಹುಡುಗಿ ಅಷ್ಟು ಸರಳವಾಗಿರುವುದಕ್ಕೆ ಕಾರಣ ಇದೆ. ಆಗ ಟಿವಿ ಜಾಹೀರಾತು ಇರಲಿಲ್ಲ. ದೂರದರ್ಶನ ಜಾಹೀರಾತು ತೆಗೆದುಕೊಳ್ಳಲು ಶುರು ಮಾಡಿದ್ದು 1976ರಲ್ಲಿ. ಅಮುಲ್ ಆರಿಸಿಕೊಂಡದ್ದು ರಸ್ತೆಯನ್ನು: ದೀಪದ ಕಂಬ, ಬಸ್ಸು, ಹೋರ್ಡಿಂಗ್. ಆ ಕಾಲದ ಹೋರ್ಡಿಂಗ್ ಎಂದರೆ ಪೇಂಟರ್ ಏಣಿ ಹತ್ತಿ ಕೈಯಲ್ಲೇ ಬರೆಯಬೇಕು. ಪದೇ ಪದೇ ಅಳಿಸಿ ಹೊಸದು ಬರೆಯಬೇಕು. ಅದಕ್ಕೇ ಕುರಿಯನ್ ಕೇಳಿದ್ದು ಎರಡೇ. ಬರೆಯಲು ಸುಲಭ ಇರಬೇಕು, ನೆನಪಿನಲ್ಲಿ ಉಳಿಯಬೇಕು. ಯಾವ ಊರಿನ ಯಾವ ಪೇಂಟರ್ ಬರೆದರೂ ಅವಳು ಅವಳೇ ಆಗಿ ಕಾಣಬೇಕು. ಕಲೆಗಾರನ ಅನುಭವ ನನಗೆ ಕಾಣುವುದು ಇಲ್ಲೇ. ತನ್ನ ಕೈಚಳಕ ತೋರಿಸಲು ಒಂದು ಗೆರೆ ಜಾಸ್ತಿ ಹಾಕಿದ್ದರೂ ಆ ಹುಡುಗಿ ಅರವತ್ತರ ದಶಕದಲ್ಲೇ ಉಳಿದುಬಿಡುತ್ತಿದ್ದಳು.

'ಅಟರ್ಲಿ ಬಟರ್ಲಿ ಡಿಲಿಶಿಯಸ್' ಎಂಬ ಸಾಲು ಹುಟ್ಟಿದ್ದು ಆಫೀಸಿನಲ್ಲಲ್ಲ, ಮನೆಯಲ್ಲಿ. ಸಿಲ್ವೆಸ್ಟರ್ ಅವರ ಪತ್ನಿ ನಿಶಾ ಡಕುನ್ಹಾ 'ಅಟರ್ಲಿ' ಎಂಬ ಪದದ ಎಳೆ ಕೊಟ್ಟರು ಎಂದು ಆ ಮನೆಯವರು ಹೇಳುತ್ತಾರೆ. 'ಬಟರ್ಲಿ' ಎಂಬ ಪದವೇ ಇಂಗ್ಲಿಷಿನಲ್ಲಿಲ್ಲ. ಬೆಣ್ಣೆಗೆ ಒಂದು ಬಾಲ ಅಂಟಿಸಿದ್ದು ಅಷ್ಟೇ. ವ್ಯಾಕರಣ ತಪ್ಪು ಎಂದು ಕ್ಲೈಂಟ್ ಕಡೆಯವರು ಯಾರಾದರೂ ಕೆಂಪು ಗೆರೆ ಎಳೆದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ಶುರುವಿನ ಹೋರ್ಡಿಂಗ್‌ಗಳಲ್ಲೊಂದು ಕುದುರೆ ರೇಸಿನದು. ಹುಡುಗಿ ಕುದುರೆ ಮೇಲೆ ಕೂತಿದ್ದಾಳೆ. ಪಕ್ಕದಲ್ಲಿ 'ಥರೋಬ್ರೆಡ್'. ಜಾತಿ ಕುದುರೆಯೂ ಆಯಿತು, ಬ್ರೆಡ್ಡೂ ಆಯಿತು. 1969ರಲ್ಲಿ ಹರೇ ರಾಮ ಹರೇ ಕೃಷ್ಣ ಚಳವಳಿ ಜೋರಾಗಿತ್ತು. ಆಗ ಸಿಲ್ವೆಸ್ಟರ್ ಜೊತೆ ಕೂತು ಬರೆಯುತ್ತಿದ್ದವರು ಮೊಹಮ್ಮದ್ ಖಾನ್ ಮತ್ತು ಉಷಾ ಬಂದರ್ಕರ್. ಅವರು ಬರೆದದ್ದು 'ಹರಿ ಅಮುಲ್, ಹರಿ ಹರಿ'. ಇಂಗ್ಲಿಷಿನಲ್ಲಿ ಬೇಗ ಬಾ ಎಂದು ಅರ್ಥ. ಕನ್ನಡ ಅಕ್ಷರದಲ್ಲಿ ಬರೆದರೆ ಶ್ಲೇಷೆ ಇನ್ನೂ ಚೆನ್ನಾಗಿ ಕೂರುತ್ತದೆ, ಅದೊಂದು ತಮಾಷೆ. ಕಲ್ಕತ್ತಾದಲ್ಲಿ ಮೆರವಣಿಗೆ, ಘೋಷಣೆಗಳ ಕಾಲ ಬಂದಾಗ ಅಲ್ಲಿನ ಘೋಷಣೆಯನ್ನೇ ಎತ್ತಿಕೊಂಡು, ಅಮುಲ್ ಬೆಣ್ಣೆ ಇಲ್ಲದ ಬ್ರೆಡ್ಡು 'ಚೋಲ್ಬೆ ನಾ, ಚೋಲ್ಬೆ ನಾ' ಎಂದರು. ನಡೆಯೋಲ್ಲ, ನಡೆಯೋಲ್ಲ ಎಂದು.

ಊರಿನಲ್ಲಿ ಏನು ನಡೆಯುತ್ತಿದೆಯೋ ಅದನ್ನೇ ಬೆಣ್ಣೆಗೆ ತಂದು ಅಂಟಿಸುವ ಈ ದಾರಿ ಆಗ ಸಿಕ್ಕಿತು. ಅಲ್ಲಿಂದ ಮುಂದೆ ಅವರು ಅದನ್ನು ಬಿಟ್ಟಿಲ್ಲ.

ಅಪ್ರೂವಲ್ ಬೇಡ

ಇದು ನನ್ನ ಪ್ರಕಾರ ಇಡೀ ಪ್ರಕರಣದ ನಡುಗಂಬ. ಹೋರ್ಡಿಂಗ್ ಏರುವ ಮೊದಲು ಕ್ಲೈಂಟ್‌ಗೆ ತೋರಿಸಿ ಒಪ್ಪಿಗೆ ಪಡೆಯಬೇಕಿಲ್ಲ ಎಂದು ಕುರಿಯನ್ ಬಿಟ್ಟುಕೊಟ್ಟರು.

ಜಾಹೀರಾತು ಕೆಲಸ ಮಾಡಿದವರಿಗೆ ಇದರ ತೂಕ ಗೊತ್ತು. ಸಾಮಾನ್ಯವಾಗಿ ಒಂದು ಸಾಲು ಬರೆದರೆ ಅದು ಬ್ರ್ಯಾಂಡ್ ಮ್ಯಾನೇಜರ್ ಹತ್ತಿರ ಹೋಗುತ್ತದೆ. ಅಲ್ಲಿಂದ ಮಾರ್ಕೆಟಿಂಗ್ ಮುಖ್ಯಸ್ಥರು, ಆಮೇಲೆ ವಕೀಲರು, ಕೊನೆಗೆ ಯಜಮಾನರ ಮಗಳು. ಒಬ್ಬೊಬ್ಬರೂ ಒಂದೊಂದು ಪದ ಬದಲಿಸುತ್ತಾರೆ. ವಾಪಸ್ ಬರುವಾಗ ಜೋಕು ಇರುವುದಿಲ್ಲ, ಅದರ ಅಸ್ಥಿ ಇರುತ್ತದೆ. ನಿನ್ನೆ ರಾತ್ರಿ ಮುಗಿದ ಮ್ಯಾಚಿನ ಮೇಲಿನ ತಮಾಷೆ ಹದಿನೈದು ದಿನ ಬಿಟ್ಟು ಏರಿದರೆ ಯಾರಿಗೆ ನಗು ಬರುತ್ತದೆ?

ಹೀಗೆ ಬಿಟ್ಟುಕೊಟ್ಟರೆ ಪೆಟ್ಟೂ ಬೀಳುತ್ತದೆ, ಬಿದ್ದಿದೆ. ತುರ್ತು ಪರಿಸ್ಥಿತಿಯಲ್ಲಿ, 1976ರಲ್ಲಿ, ಹುಡುಗಿ ನರ್ಸ್ ವೇಷದಲ್ಲಿ ಬೆಣ್ಣೆಯ ತಟ್ಟೆ ಹಿಡಿದು ನಿಂತಳು. ನಾವು ಮೊದಲಿಂದಲೂ ಕಡ್ಡಾಯ ಸ್ಟೆರಿಲೈಸೇಶನ್ ಮಾಡುತ್ತಲೇ ಬಂದಿದ್ದೇವೆ ಎಂಬ ಅರ್ಥದ ಸಾಲು. ಹಾಲು ಬಿಸಿ ಮಾಡಿ ಕ್ರಿಮಿ ಕೊಲ್ಲುವುದಕ್ಕೂ ಅದೇ ಪದ, ಆಗ ದೇಶದಲ್ಲಿ ನಡೆಯುತ್ತಿದ್ದ ಒತ್ತಾಯದ ಸಂತಾನಹರಣ ಚಿಕಿತ್ಸೆಗೂ ಅದೇ ಪದ. ಪತ್ರಿಕೆಗಳೇ ಬಾಯಿ ಕಟ್ಟಿಕೊಂಡಿದ್ದ ಕಾಲದಲ್ಲಿ ಬೆಣ್ಣೆಯ ಬೋರ್ಡು ಇದನ್ನು ಹೇಳಿತು. ಇಂಡಿಯನ್ ಏರ್‌ಲೈನ್ಸ್ ಮುಷ್ಕರದ ಮೇಲೆ ಬರೆದಾಗ ವಿಮಾನದಲ್ಲಿ ಅಮುಲ್ ಬೆಣ್ಣೆ ಕೊಡುವುದನ್ನೇ ನಿಲ್ಲಿಸುತ್ತೇವೆ ಎಂಬ ಬೆದರಿಕೆ ಬಂತು. ಗಣೇಶ ಹಬ್ಬಕ್ಕೆ 'ಗಣಪತಿ ಬಪ್ಪಾ ಮೋರ್ ಘ್ಯಾ' ಎಂದು ಬರೆದದ್ದಕ್ಕೂ ಗಲಾಟೆ ಆಯಿತು. ಇನ್ನಷ್ಟು ತಗೋ ಗಣಪ್ಪಾ ಎಂದಷ್ಟೇ ಅದರ ಅರ್ಥ.

ಅಂಥ ಹೊತ್ತಿನಲ್ಲಿ ಕ್ಲೈಂಟ್ ಏಜೆನ್ಸಿಯನ್ನು ಮುಂದೆ ತಳ್ಳಿ ತಾನು ಹಿಂದೆ ನಿಲ್ಲಬಹುದಿತ್ತು. ಅಮುಲ್ ಹಾಗೆ ಮಾಡಲಿಲ್ಲ. ಕುರಿಯನ್ 2006ರಲ್ಲಿ ಅಮುಲ್ ಮಾರುವ ಹಾಲು ಒಕ್ಕೂಟದ ಅಧ್ಯಕ್ಷ ಸ್ಥಾನ ಬಿಟ್ಟರು, 2012ರಲ್ಲಿ ತೀರಿಕೊಂಡರು. ಅಲ್ಲಿ ಮುಖ್ಯಸ್ಥರು ಬದಲಾಗುತ್ತಲೇ ಬಂದರು. ಏಜೆನ್ಸಿ ಬದಲಾಗಲಿಲ್ಲ. ನಮ್ಮಲ್ಲಿ ಹೊಸ ಮಾರ್ಕೆಟಿಂಗ್ ಮುಖ್ಯಸ್ಥ ಬಂದರೆ ಮೊದಲು ಮಾಡುವ ಕೆಲಸವೇ ಏಜೆನ್ಸಿ ಬದಲಿಸುವುದು. ಮನೆಗೆ ಬಂದ ಹೊಸ ಬಾಡಿಗೆದಾರ ಮೊದಲು ಬಣ್ಣ ಹೊಡೆಸಿದ ಹಾಗೆ.

ಈಗಿನ ಮೂವರು

ಸಿಲ್ವೆಸ್ಟರ್ ಮುಂದೆ ತಮ್ಮದೇ ಏಜೆನ್ಸಿ ನಡೆಸಿದರು, ಅಮುಲ್ ಕೆಲಸವೂ ಅವರ ಜೊತೆಗೇ ಬಂತು. ಇಂದು ಅದು ಡಕುನ್ಹಾ ಕಮ್ಯುನಿಕೇಶನ್ಸ್. 1980ರ ದಶಕದಲ್ಲಿ ಭರತ್ ದಾಭೋಲ್ಕರ್ ಈ ಹೋರ್ಡಿಂಗ್‌ಗಳಿಗೆ ಕೈ ಹಾಕಿದರು. ಮರಾಠಿ, ಹಿಂದಿ, ಇಂಗ್ಲಿಷ್ ಎಲ್ಲ ಬೆರೆಸಿದ ರಸ್ತೆ ಭಾಷೆ ಬೋರ್ಡಿಗೆ ಬಂತು. 1990ರ ದಶಕದ ಶುರುವಿನಲ್ಲಿ ಸಿಲ್ವೆಸ್ಟರ್ ಅವರ ಮಗ ರಾಹುಲ್ ಡಕುನ್ಹಾ ಕೆಲಸ ವಹಿಸಿಕೊಂಡರು. ಆ ದಶಕದಿಂದ ಇಲ್ಲಿಯತನಕ ಅಮುಲ್ ಹುಡುಗಿಯ ಹಿಂದೆ ಇರುವ ತಂಡ ಎಂದರೆ ಮುಖ್ಯವಾಗಿ ಮೂರು ಜನ. ರಾಹುಲ್ ಡಕುನ್ಹಾ, ಬರಹಗಾರ ಮನೀಶ್ ಝವೇರಿ, ಚಿತ್ರಗಾರ ಜಯಂತ್ ರಾಣೆ.

ಮೂರೇ ಜನ. ಅಮುಲ್‌ನಷ್ಟು ದೊಡ್ಡ ಹೆಸರಿಗೆ ಬೇರೆ ಕಡೆಯಾದರೆ ಕ್ಲೈಂಟ್ ಜೊತೆಗಿನ ವ್ಯವಹಾರ ನೋಡಿಕೊಳ್ಳುವವರೇ ಹತ್ತು ಜನ ಇರುತ್ತಾರೆ.

ಕೆಲಸ ಹಂಚಿಕೊಂಡ ರೀತಿ ಸರಳ. ಯಾವ ಸುದ್ದಿ ಎತ್ತಿಕೊಳ್ಳಬೇಕು, ಅದಕ್ಕೆ ಯಾವ ನಿಲುವು ಎಂಬುದು ರಾಹುಲ್ ಕೈಯಲ್ಲಿ. ಶ್ಲೇಷೆ ಮನೀಶ್ ಅವರದು. ಚಿತ್ರ ಜಯಂತ್ ಅವರದು. ಸಿಲ್ವೆಸ್ಟರ್ ಕಾಲದಲ್ಲಿ ತಿಂಗಳಿಗೊಂದು ಹೋರ್ಡಿಂಗ್ ಸಾಕಿತ್ತು. 90ರ ದಶಕದಲ್ಲಿ ವಾರಕ್ಕೊಂದು ಆಯಿತು. ಫ್ಲೆಕ್ಸ್ ಬಂದ ಮೇಲೆ ಏಣಿ, ಬಣ್ಣದ ಡಬ್ಬ ಹೋದವು. ಆಮೇಲೆ ಫೋನು ಬಂತು. ಈಗ ವಾರದ ಹೆಚ್ಚುಕಮ್ಮಿ ಎಲ್ಲ ಕೆಲಸದ ದಿನಗಳಲ್ಲೂ ಹೊಸದೊಂದು ಬರುತ್ತದೆ.

ಲೆಕ್ಕ ಹಾಕಿ ನೋಡಿ. ವಾರಕ್ಕೆ ಐದರಂತೆ ವರ್ಷಕ್ಕೆ 250ರ ಸುಮಾರು ಜೋಕು. ಇದು ಪ್ರತಿಭೆಯ ಕೆಲಸ ಎನ್ನುವುದಕ್ಕಿಂತ ದಿನಾ ಬೆಳಿಗ್ಗೆ ಹಿಟ್ಟು ರುಬ್ಬುವವರ ಕೆಲಸ ಎಂದರೆ ಸರಿ. ಗೆಳೆಯನ ಕರಡಿನಲ್ಲಿದ್ದ ಅನುಭವಕ್ಕೂ ಈ ಅನುಭವಕ್ಕೂ ವ್ಯತ್ಯಾಸ ಇಲ್ಲಿದೆ. ಅವನ ಐವರು ಐದು ಕಡೆ ಬೇರೆ ಬೇರೆ ಕೆಲಸ ಮಾಡಿ ಬಂದವರು. ಇವರು ಮೂವರು ಒಂದೇ ಕೆಲಸವನ್ನು, ಒಟ್ಟಿಗೆ ಮಾಡುತ್ತ ಹಣ್ಣಾದವರು. ಒಬ್ಬ ಅರ್ಧ ಸಾಲು ಹೇಳಿದರೆ ಇನ್ನೊಬ್ಬನಿಗೆ ಚಿತ್ರ ಕಾಣುತ್ತದೆ. ಹೀಗೆ ಒಟ್ಟಿಗೆ ಕಳೆದ ವರ್ಷಗಳನ್ನು ಕೂಡಿಸಲು ಬರುವುದಿಲ್ಲ, ಬೇರೆ ಕಡೆಯಿಂದ ಸಂಬಳ ಕೊಟ್ಟು ತರಲೂ ಬರುವುದಿಲ್ಲ.

ಇನ್ನೊಂದು ವಿಷಯ ನನಗೆ ಕುತೂಹಲದ್ದು. ಇವರಲ್ಲಿ ರಂಗಭೂಮಿಯವರು ಜಾಸ್ತಿ. ರಾಹುಲ್ ನಾಟಕ ಬರೆದು ಆಡಿಸುವವರು. ದಾಭೋಲ್ಕರ್ ಕೂಡ ನಾಟಕದವರೇ. ಸಿಲ್ವೆಸ್ಟರ್ ಅವರ ಅಣ್ಣ ಗೆರ್ಸನ್ ಡಕುನ್ಹಾ ದೊಡ್ಡ ಏಜೆನ್ಸಿ ಲಿಂಟಾಸ್‌ನ ಮುಖ್ಯಸ್ಥರಾಗಿದ್ದವರು, ರಂಗದ ಮೇಲೂ ಹೆಸರು ಮಾಡಿದವರು. ಮಾತು ಯಾವಾಗ ಬೀಳಬೇಕು, ಎಷ್ಟು ಹೊತ್ತು ಸುಮ್ಮನಿರಬೇಕು ಎಂಬುದು ನಾಟಕದವರಿಗೆ ಮೈಗೂಡಿರುತ್ತದೆ. ಹೋರ್ಡಿಂಗ್ ಕೂಡ ಒಂದೇ ಸಾಲಿನ ನಾಟಕ. ನೋಡುವವನು ಸ್ಕೂಟರ್ ಮೇಲಿದ್ದಾನೆ, ಸಿಗ್ನಲ್ ಹಸಿರಾಗುವ ಮೊದಲು ನಗಬೇಕು.

2009ರಲ್ಲಿ ಸತ್ಯಂ ಕಂಪನಿಯ ಹಗರಣ ಹೊರಬಿದ್ದಾಗ ಬಂದದ್ದು 'ಸತ್ಯಂ ಶರಂ ಸ್ಕ್ಯಾಂಡಲಂ'. ಮೂರೇ ಪದ. ವಿವರಣೆ ಬೇಕಾ?

ಲೆಕ್ಕದ ಕಡೆ

ಗೆಳೆಯ ಇಲ್ಲಿ ತಡೆದ. "ಅದೆಲ್ಲ ಸರಿ ಮಾರಾಯ, ಅವರ ಹಿಂದೆ ಅಮುಲ್ ಇದೆ. ನಮ್ಮ ಹಿಂದೆ ಯಾರಿದ್ದಾರೆ?" ಎಂದ. ನ್ಯಾಯವಾದ ಮಾತು.

ಏಜೆನ್ಸಿಗಳು ಬಹಳ ಕಾಲ ಬದುಕಿದ್ದು ಜಾಹೀರಾತು ಹಾಕಲು ಪತ್ರಿಕೆ, ಟಿವಿಯಂಥ ಮಾಧ್ಯಮಕ್ಕೆ ಕೊಡುವ ಬಿಲ್ಲಿನ ಮೇಲಿನ ಶೇ 15ರ ಕಮಿಷನ್‌ನಿಂದ. ಕ್ಲೈಂಟ್ ಜಾಸ್ತಿ ಖರ್ಚು ಮಾಡಿದಷ್ಟೂ ಏಜೆನ್ಸಿಗೆ ಜಾಸ್ತಿ. ಅದಕ್ಕೇ ದೊಡ್ಡ ಏಜೆನ್ಸಿಗಳಿಗೆ ದೊಡ್ಡ ಟಿವಿ ಜಾಹೀರಾತಿನ ಮೇಲೆ ಪ್ರೀತಿ. ಅಮುಲ್ ಇದಕ್ಕೆ ತದ್ವಿರುದ್ಧ. ವಹಿವಾಟಿನ ಶೇ 1ಕ್ಕಿಂತ ಕಡಿಮೆ ಹಣವನ್ನು ಜಾಹೀರಾತಿಗೆ ಹಾಕುತ್ತೇವೆ ಎಂದು ಅಲ್ಲಿನ ಮುಖ್ಯಸ್ಥರು ಹೇಳುತ್ತಲೇ ಬಂದಿದ್ದಾರೆ. ಸಹಕಾರ ಸಂಘ ಅದು. ಜಾಹೀರಾತಿಗೆ ಹೋದ ದುಡ್ಡು ಹಾಲು ಹಾಕುವ ರೈತರ ದುಡ್ಡು. ಅಂಥ ಕ್ಲೈಂಟ್‌ಗೆ ದೊಡ್ಡ ತಂಡ ಬೇಕಿರಲಿಲ್ಲ. ಬಿಟ್ಟು ಹೋಗದ ತಂಡ ಬೇಕಿತ್ತು. ತಂಡಕ್ಕೂ ತಿಂಗಳು ತಿಂಗಳು ಹೊಸ ಕ್ಲೈಂಟ್ ಹುಡುಕಿ ಅಲೆಯುವ ಕಷ್ಟ ಕಡಿಮೆಯಾಯಿತು.

ಇದರಲ್ಲಿ ದೌರ್ಬಲ್ಯ ಇಲ್ಲವೇ? ಇದೆ. ಮೂವರ ತಲೆಯಲ್ಲಿರುವುದು ಮೂವರ ಜೊತೆಗೇ ಹೋಗುತ್ತದೆ. ಯೂಸ್ಟೇಸ್ 2010ರಲ್ಲಿ, ಸಿಲ್ವೆಸ್ಟರ್ 2023ರ ಜೂನ್‌ನಲ್ಲಿ ತೀರಿಕೊಂಡರು. ಮೊದಲ ತಂಡದಿಂದ ಎರಡನೆಯ ತಂಡಕ್ಕೆ ಕೆಲಸ ದಾಟಿದ್ದು ಅಪ್ಪ ಮಗ ಎಂಬ ಸಂಬಂಧದಿಂದ. ಎಲ್ಲ ಏಜೆನ್ಸಿಗೂ ಅಂಥ ಮಗ ಇರುವುದಿಲ್ಲ. ಮತ್ತೊಂದು, ಈ ಶ್ಲೇಷೆಗಳು ಹೆಚ್ಚಿನವು ಇಂಗ್ಲಿಷ್, ಹಿಂದಿ ಗೊತ್ತಿರುವ ಪೇಟೆಯವರಿಗೆ. ಹಾಸನದ ಹಳ್ಳಿಯಲ್ಲಿ ಬೆಳೆದ ನಮ್ಮ ಚಿಕ್ಕಮ್ಮನಿಗೆ ಹುಡುಗಿ ಗೊತ್ತು, ಜೋಕು ಗೊತ್ತಿಲ್ಲ.

ಹಾಗೆಯೇ, ಒಳ್ಳೆ ಜಾಹೀರಾತು ಎಲ್ಲ ಕಡೆ ಕಾಪಾಡುತ್ತದೆ ಎಂದೂ ಅಲ್ಲ. 2023ರ ಏಪ್ರಿಲ್‌ನಲ್ಲಿ ಅಮುಲ್ ಬೆಂಗಳೂರಿನಲ್ಲಿ ಹಾಲು ಮೊಸರು ಮಾರುತ್ತೇವೆ ಎಂದು ಘೋಷಿಸಿತು. ಎದುರಿಗೆ ಚುನಾವಣೆ. 'ನಂದಿನಿ ಉಳಿಸಿ' ಎಂಬ ಕೂಗು ಎದ್ದಿತು. ನಂದಿನಿಯ ಕೆಎಂಎಫ್ ಕೂಡ ಆನಂದ್ ಮಾದರಿಯಲ್ಲೇ ಕಟ್ಟಿದ ಸಂಸ್ಥೆ, ಅಕ್ಕತಂಗಿಯರ ಜಗಳ ಅದು. ಅಮುಲ್ ಹುಡುಗಿಯ ಜೋಕಿಗೆ ನಕ್ಕವರೂ ಬೆಳಿಗ್ಗೆ ಎದ್ದು ನಂದಿನಿ ಪ್ಯಾಕೆಟ್ಟೇ ತಂದರು. ನಾನೂ ಅದೇ ಮಾಡಿದೆ. ಐವತ್ತೇಳು ವರ್ಷದ ಪ್ರೀತಿಯ ಹುಡುಗಿಗೂ ಆ ವಾರ ಇಲ್ಲಿ ಏನೂ ಮಾಡಲು ಆಗುತ್ತಿರಲಿಲ್ಲ.

ಇನ್ನು ಹೋರ್ಡಿಂಗ್ ವಿಷಯ. 2018ರ ಆಗಸ್ಟ್‌ನಲ್ಲಿ ಹೈಕೋರ್ಟ್ ಗದರಿದ ಮೇಲೆ ಬಿಬಿಎಂಪಿ ನಗರದ ಹೋರ್ಡಿಂಗ್, ಫ್ಲೆಕ್ಸ್‌ಗಳನ್ನು ನಿಷೇಧಿಸಿತು. ಹುಡುಗಿಯನ್ನು ನಾವು ನೋಡುವುದು ಈಗ ಹೆಚ್ಚಾಗಿ ಫೋನಿನಲ್ಲೇ. ಅಲ್ಲೂ ತೊಂದರೆ ತಪ್ಪಲಿಲ್ಲ. 2020ರ ಜೂನ್‌ನಲ್ಲಿ ಚೀನಾ ವಿಷಯದ ಒಂದು ಚಿತ್ರ ಹಾಕಿದ ಹೊತ್ತಿನಲ್ಲಿ ಅಮುಲ್‌ನ ಟ್ವಿಟರ್ ಖಾತೆ ಸ್ವಲ್ಪ ಕಾಲ ತಡೆಹಿಡಿಯಲ್ಪಟ್ಟು ಸುದ್ದಿಯಾಯಿತು. ಭದ್ರತೆಯ ಪರಿಶೀಲನೆ ಅಷ್ಟೇ ಎಂದು ಟ್ವಿಟರ್ ಹೇಳಿತು. ಏಣಿಯಿಂದ ಟ್ವಿಟರ್‌ತನಕ ಜಾಗ ಬದಲಾಯಿತು. ಮೂಗಿಲ್ಲದ ಹುಡುಗಿ ಮಾತ್ರ ಹಾಗೇ ಇದ್ದಾಳೆ.

ನಮ್ಮ ಪತ್ರಕ್ಕೆ ವಾಪಸ್

ಸಂಜೆ ಹೊತ್ತಿಗೆ ಗೆಳೆಯನ ಕರಡು ಹರಿದು ಹೊಸದು ಬರೆದೆವು. 68 ವರ್ಷ ಹೋಯಿತು. ಪ್ರಶಸ್ತಿಗಳ ಪಟ್ಟಿಯೂ ಹೋಯಿತು. ಅದರಲ್ಲಿ ಎರಡು ಹಳೆಯ ಏಜೆನ್ಸಿಯಲ್ಲಿದ್ದಾಗ ಬಂದವು, ಆ ಕೆಲಸ ಮಾಡಿದ ಉಳಿದ ನಾಲ್ವರು ಈಗ ಬೇರೆ ಕಡೆ ಇದ್ದಾರೆ. ಬದಲಿಗೆ ಐದು ಹೆಸರು, ಪ್ರತಿ ಹೆಸರಿನ ಮುಂದೆ ಒಂದೇ ಸಾಲು. ನಿಮ್ಮ ಕನ್ನಡ ಸಾಲು ಬರೆಯುವವರು ಇವರು. ಚಿತ್ರ ಇವರದು. ಬಿಲ್ಲಿನ ಬಗ್ಗೆ ಕೇಳಬೇಕಾದರೆ ಇವರಿಗೆ ಫೋನ್ ಮಾಡಿ. ಇವರಲ್ಲಿ ಮೂವರು ಎಂಟು ವರ್ಷದಿಂದ ಒಂದೇ ಮೇಜಿನ ಸುತ್ತ ಕೂತು ಕೆಲಸ ಮಾಡುತ್ತಿದ್ದಾರೆ. ಈ ಎಂಟು ಎಂಬ ಸಂಖ್ಯೆ ಅವನ ಕರಡಿನಲ್ಲಿ ಎಲ್ಲೂ ಇರಲಿಲ್ಲ. ಅದರ ಕೆಳಗೆ ಆ ಮೂವರೂ ಒಟ್ಟಿಗೆ ಮಾಡಿದ ಮೂರು ಕೆಲಸ, ಯಾವ ಭಾಗ ಯಾರದು ಎಂದು ಬರೆದು.

ಕೊನೆಯಲ್ಲಿ ಒಂದು ಸಾಲು ಸೇರಿಸಲೇಬೇಕು ಎಂದು ಹಟ ಹಿಡಿದೆ. 'ನಿಮ್ಮ ಕಡೆಯಿಂದ ಒಪ್ಪಿಗೆ ಕೊಡುವವರು ಒಬ್ಬರೇ ಇರಲಿ.' ಗೆಳೆಯ ಹೆದರಿದ. ಕೆಲಸ ಕೇಳುವ ಪತ್ರದಲ್ಲಿ ಷರತ್ತು ಹಾಕುವುದಾ ಎಂದ. ಆಮೇಲೆ ಒಪ್ಪಿದ.

ಪಿಚ್ ದಿನ ಕಂಪನಿಯವರು ಕೇಳಿದ್ದು ಆ ಎಂಟು ವರ್ಷದ ಬಗ್ಗೆಯೇ. ಆ ಮೂವರಲ್ಲಿ ಒಬ್ಬರು ಬಿಟ್ಟರೆ ಏನು ಮಾಡುತ್ತೀರಿ ಎಂದು. "ಕಷ್ಟ ಆಗುತ್ತೆ ಸರ್" ಎಂದನಂತೆ. ಕೆಲಸ ಸಿಕ್ಕಿತು, ಮೂರು ತಿಂಗಳ ಮಟ್ಟಿಗೆ. ಒಪ್ಪಿಗೆಗೆ ಒಬ್ಬರೇ ಎಂಬ ಸಾಲಿಗೂ ತಲೆಯಾಡಿಸಿದರು.

ಮೊದಲ ಜಾಹೀರಾತು ಯುಗಾದಿಗೆ. ಹಬ್ಬಕ್ಕೆ ಹತ್ತು ದಿನ ಮೊದಲೇ ಬರೆದು ಕಳಿಸಿದರು. ಒಪ್ಪಿಗೆ ಕೊಡಬೇಕಾದ ಒಬ್ಬರು ಅದನ್ನು ಇನ್ನೊಬ್ಬರಿಗೆ ತೋರಿಸಿದರು. ಅವರು ಮತ್ತಿಬ್ಬರಿಗೆ. ಹಬ್ಬ ಮುಗಿದ ಮೂರನೇ ದಿನ ಒಪ್ಪಿಗೆಯ ಮೇಲ್ ಬಂತು, ಬೆಲ್ಲದ ಬಣ್ಣ ಸ್ವಲ್ಪ ತಿಳಿ ಮಾಡಿ ಎಂಬ ಸೂಚನೆಯೊಂದಿಗೆ.

ಬೇವು ಬೆಲ್ಲದ ಆ ಚಿತ್ರ ಈಗಲೂ ಗೆಳೆಯನ ಮೇಜಿನ ಗಾಜಿನ ಕೆಳಗಿದೆ. ಬೆಲ್ಲದ ಬಣ್ಣವನ್ನು ಅವರು ಆಗಲೇ ತಿಳಿ ಮಾಡಿಟ್ಟಿದ್ದಾರೆ.